ಗೋಡೆ ಮುಟ್ಟಬೇಡಿ ಎಂದವರು

ದೇವರಿಗೆ ಹೂವು ತರುವವಳು ಮೊಳ ಹಾಕುತ್ತಲೇ ಹೇಳಿದಳು, "ಅಮ್ಮಾ, ನಮ್ ಮೀಟ್ರು ಸಾಬ್ರು ಹೋಗ್ಬಿಟ್ರಂತೆ. ಶುಕ್ರವಾರ ಮುಳಬಾಗಿಲಾಗೆ ಮಣ್ಣು ಮಾಡಿದ್ರಂತೆ."

ಹೂವು ಹಿಡಿದುಕೊಂಡು ಒಳಗೆ ಬಂದು ನಡುಮನೆಯಲ್ಲಿ ಕೂತೆ. ಎದುರು ಗೋಡೆಯಲ್ಲಿ ಕಿಂಡಿ. ಮಕ್ಕಳೇ, ರಜಕ್ಕೆ ಬಂದಾಗಲೆಲ್ಲ ಅದರಿಂದ ದೊಡ್ಡಜ್ಜಿಯ ಮನೆಗೆ ಚೆಂಡು ಎಸೆದು ಬೈಸಿಕೊಂಡಿದ್ದೀರಿ. ಮನೆಗೂ ಮನೆಗೂ ನಡುವಿನ ಗೋಡೆಯಲ್ಲಿ ಹೀಗೊಂದು ತೂತು ಯಾಕಿದೆ ಎಂದು ನಿಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಿದ್ದರೂ ಎದುರಿಗೆ ಕೂತು ಹೇಳಲು ನನಗೆ ಬರುತ್ತಿರಲಿಲ್ಲ. ನಾಲ್ಕು ಜನರ ಮುಂದೆ ನನ್ನ ಗಂಟಲು ಕಟ್ಟಿಕೊಳ್ಳುತ್ತದೆ. ಊರಿನ ಶಾಲೆಯಲ್ಲಿ ಕಲಿತ ಅಕ್ಷರ ಕೈಬಿಟ್ಟಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅವರ ಹೆಸರು ಊರಲ್ಲಿ ಯಾರೂ ಹೇಳುತ್ತಿರಲಿಲ್ಲ. ಎಲ್ಲರಿಗೂ ಮೀಟರು ಸಾಬರು. ಉದ್ದನೆಯ ಆಳು, ತೆಳ್ಳಗೆ. ಖಾಕಿ ಅಂಗಿ, ಮದರಂಗಿ ಹಚ್ಚಿದ ಗಡ್ಡ. ಮೊದಲು ಸೈಕಲ್ಲಿನಲ್ಲಿ ಬರುತ್ತಿದ್ದರು, ಆಮೇಲೆ ಸೈಕಲ್ಲಿಗಿಂತ ನಿಧಾನವಾದ ಒಂದು ಮೊಪೆಡ್ಡು ಬಂತು. ಮಾಲೂರಿನಲ್ಲಿ, ಶ್ರೀನಿವಾಸಪುರದಲ್ಲಿ ಕೆಲಸ ಮಾಡಿ ನಮ್ಮ ಕಡೆಗೆ ವರ್ಗವಾಗಿ ಬಂದವರು. ದೇವರಾಯಸಮುದ್ರದ ಸುತ್ತಿನ ಹಳ್ಳಿಗಳಲ್ಲಿ ಮೀಟರು ಓದುವುದು, ಕೆಟ್ಟರೆ ಬದಲಾಯಿಸುವುದು ಎಲ್ಲ ಅವರದೇ. ರೈತರ ಮನೆಗಳಲ್ಲಿ ತೆಲುಗು ಮಾತಾಡುವರು, ನಮ್ಮ ಮನೆಯಲ್ಲಿ ಕನ್ನಡ. ತಿರುಪು ಬಿಗಿಯಾಗಿ ಕೂತು ಬರಲೊಲ್ಲದಿದ್ದರೆ ಅದನ್ನು ಮಾತ್ರ ತಮ್ಮ ಮನೆಯ ಭಾಷೆಯಲ್ಲೇ ಬೈಯುವರು.

ಬಾಗಿಲಲ್ಲಿ ನಿಂತು, "ಅಮ್ಮಾ, ಕರೆಂಟು" ಎಂದು ಒಂದೇ ಸಲ ಕೂಗುವರು. ಎರಡನೆಯ ಸಲ ಕೂಗಿದ್ದು ನಾನು ಕೇಳಿಲ್ಲ. ಕಾಯುತ್ತಿದ್ದರು. ನಮ್ಮ ಅತ್ತೆಯವರ ಕಾಲದಲ್ಲಿ ಅವರು ಜಗಲಿಯಲ್ಲೇ ನಿಲ್ಲಬೇಕಿತ್ತು, ಒಳಗಿನ ಮೀಟರಿನ ಅಂಕಿಯನ್ನು ಯಾರಾದರೂ ಓದಿ ಹೇಳಬೇಕಿತ್ತು. ಅತ್ತೆಯವರು ಹೋದ ಮೇಲೆ ನಿಮ್ಮ ತಾತನೇ, "ಒಳಗೆ ಬನ್ರೀ, ನೀವೇ ನೋಡ್ಕೊಳ್ಳಿ" ಎಂದರು. ಬಂದರು. ಆದರೂ ನಡುಮನೆಯಲ್ಲಿ ಮೈ ಚಿಕ್ಕದು ಮಾಡಿಕೊಂಡು ನಡೆಯುವರು, ಏನೋ ಚೆಲ್ಲಿಬಿಟ್ಟೇನು ಎನ್ನುವ ಹಾಗೆ.

ಅವರದೊಂದು ಅಭ್ಯಾಸ ನನಗೆ ಚೆನ್ನಾಗಿ ನೆನಪಿದೆ. ಏನನ್ನೇ ಮುಟ್ಟುವುದಿದ್ದರೂ ಮೊದಲು ಕೈಯ ಹಿಂಬದಿಯಿಂದ ಮುಟ್ಟುವರು. ಮೀಟರಿನ ಪೆಟ್ಟಿಗೆ ಸರಿ, ಬಾಗಿಲ ಚಿಲಕ, ನಾನು ಇಟ್ಟ ನೀರಿನ ಲೋಟವನ್ನೂ ಹಾಗೇ. ನಿಮ್ಮಮ್ಮ ಚಿಕ್ಕವಳಿದ್ದಾಗ ಜ್ವರ ಬಂದು ಜಗಲಿಯಲ್ಲಿ ಮಲಗಿದ್ದಳು. ಅವಳ ಹಣೆಗೆ ಕೈಯ ಹಿಂಬದಿ ಇಟ್ಟು, "ಅರೆ, ಈ ಲೈನಲ್ಲಿ ಕರೆಂಟು ಜಾಸ್ತಿ ಇದೆಯಲ್ಲಮ್ಮ" ಎಂದರು. ಹಾಗೆ ಯಾಕೆ ಮುಟ್ಟುತ್ತೀರಿ ಎಂದು ಅವಳೇ ಕೇಳಿದಳು.

"ಅಂಗೈಯಿಂದ ಮುಟ್ಟಿದ್ರೆ ಕೈ ಮುಚ್ಕೊಂಡು ಹಿಡ್ಕೊಂಡ್ಬಿಡ್ತದೆ ಬೇಟಾ, ಬಿಡೋಕಾಗಲ್ಲ. ಹಿಂದ್ಗಡೆಯಿಂದ ಮುಟ್ಟಿದ್ರೆ ಕೈ ತಾನೇ ವಾಪಸ್ ಬರ್ತದೆ."

ಕಟ್ಟುನಿಟ್ಟಿನ ಮನುಷ್ಯ. ಕೆರೆ ಬೀದಿಯ ಒಂದು ಮದುವೆಗೆ ಅವರನ್ನೂ ಕರೆದಿದ್ದರು. ಚಪ್ಪರಕ್ಕೆ ಬಂದು ನೋಡಿದರೆ ಮೈಕಿಗೂ ಸೀರಿಯಲ್ ದೀಪಕ್ಕೂ ಕಂಬದ ತಂತಿಗೆ ಕೊಕ್ಕೆ ಹಾಕಿ ಕರೆಂಟು ಎಳೆದಿದ್ದಾರೆ. ಸಾಬರು ಒಂದು ಮಾತಾಡದೆ ಗಳ ತರಿಸಿ ಕೊಕ್ಕೆ ಇಳಿಸಿದರು, ಆಫೀಸಿಗೆ ತಿಳಿಸುತ್ತೇನೆ ಎಂದು ಮನೆಯವರಿಗೆ ಹೇಳಿದರು, ಕೈ ತೊಳೆದುಕೊಂಡು ಪಂಕ್ತಿಯಲ್ಲಿ ಕೂತರು. ಹೆಣ್ಣಿನ ಅಪ್ಪನಿಗೆ ಮೈ ಉರಿಯಿತು. "ಏನ್ ಸಾಬ್ರೇ, ದೀಪ ಆರಿಸಿ ಊಟಕ್ಕೆ ಕೂತ್ಬಿಟ್ರಾ?"

"ಊಟಕ್ಕೆ ಕರ್ದಿದ್ರಲ್ಲ ಯಜಮಾನ್ರೇ. ದೀಪಕ್ಕೆ ಕರ್ದಿರ್ಲಿಲ್ಲ."

ಮಾರನೆಯ ದಿನ ಆಫೀಸಿಗೆ ತಿಳಿಸಿಯೇ ಬಿಟ್ಟರು. ಕಣ್ಣು ಮುಚ್ಚಿಕೊಂಡು ಹೋಗುವುದು, ಇದ್ದದ್ದನ್ನು ಇಲ್ಲ ಅನ್ನುವುದು ಅವರಿಗೆ ತಿಳಿಯದು. ಊರಲ್ಲಿ ಕೆಲವರು ಬೈದರು, ಕೆಲವರು ಹೆದರಿದರು.

ಈಗ ಕಿಂಡಿಯ ವಿಷಯ.

ಈ ಎರಡು ಮನೆ ಮೊದಲು ಒಂದೇ ಮನೆ. ನಾನು ಸೊಸೆಯಾಗಿ ಬಂದದ್ದು ಆ ದೊಡ್ಡ ಮನೆಗೆ. ನಿಮ್ಮ ದೊಡ್ಡ ತಾತ ದೇವಸ್ಥಾನದ ಪೂಜೆ ನೋಡಿಕೊಳ್ಳುತ್ತಿದ್ದರು, ನಿಮ್ಮ ತಾತ ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅತ್ತೆ ಹೋದ ಮೇಲೆ ಭಾಗವಾಯಿತು. ಮನೆದೇವರ ಪೆಟ್ಟಿಗೆ ಯಾರ ಪಾಲಿಗೆ ಅನ್ನುವಲ್ಲಿ ಮಾತು ಬೆಳೆಯಿತು. ಆಡಬಾರದ್ದನ್ನು ಆಡಿಕೊಂಡರು. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ನಡುಮನೆಯ ಮಧ್ಯೆ ಗೋಡೆ ಎದ್ದಿತು. ನಡುಮನೆಗೆ ಇದ್ದದ್ದು ಒಂದೇ ಬಲ್ಬು. ಗೋಡೆ ಕಟ್ಟುವವನು ಆ ಬಲ್ಬು ಇದ್ದ ಕಡೆ ತಲೆಯ ಎತ್ತರಕ್ಕೆ ಕಿಂಡಿ ಬಿಟ್ಟು, ಎರಡು ಕಡೆಗೂ ಬೆಳಕು ಬೀಳುವ ಹಾಗೆ ಮಾಡಿ ಹೋದ. ಆಮೇಲೆ ನಾವು ಬೇರೆ ಮೀಟರು ಹಾಕಿಸಿಕೊಂಡೆವು. ಆ ಬಲ್ಬು ಮಾತ್ರ ಹಾಗೇ ಉಳಿಯಿತು.

ಸ್ವಿಚ್ಚು ಇದ್ದದ್ದು ಅವರ ಕಡೆ. ಊಟವಾದ ಮೇಲೆ ಅಕ್ಕ, ಎಂದರೆ ನಿಮ್ಮ ದೊಡ್ಡಜ್ಜಿ, ಕಿಂಡಿಗೆ ಬಾಯಿಟ್ಟು ಕೇಳುವರು, "ಕೆಲಸ ಆಯ್ತೇನೇ? ಆರಿಸ್ಲಾ?" ನಾನು ಹೂಂ ಎಂದ ಮೇಲೇ ಬೆಳಕು ಹೋಗುವುದು. ಹುಳಿ ಆ ಕಡೆಯಿಂದ ಬರುವುದು, ಹೆಪ್ಪಿಗೆ ಮಜ್ಜಿಗೆ ಈ ಕಡೆಯಿಂದ ಹೋಗುವುದು. ನನಗೆ ಒಡಹುಟ್ಟಿದ ಅಕ್ಕತಂಗಿಯರಿಲ್ಲ. ಬೀದಿಗೆ ಹೋಗಿ ಮಾತಾಡುವ ಸ್ವಭಾವವೂ ಅಲ್ಲ. ನಾನು ಮನಸ್ಸು ಬಿಚ್ಚಿ ಮಾತಾಡಿದ್ದೆಲ್ಲ ಆ ಕಿಂಡಿಯಲ್ಲೇ. ಗಂಡಸರು ಕಂಡೂ ಕಾಣದ ಹಾಗೆ ಇರುತ್ತಿದ್ದರು.

ಆಮೇಲೆ ಮೀಟರು ಬದಲಾಯಿಸುವ ಕಾಲ ಬಂತು. ಕೋಲಾರ, ಮಾಲೂರು, ಶ್ರೀನಿವಾಸಪುರ, ನಮ್ಮ ತಾಲ್ಲೂಕು, ಎಲ್ಲ ಕಡೆ ಚಕ್ರ ತಿರುಗುವ ಹಳೆಯ ಮೀಟರುಗಳನ್ನು ಕಿತ್ತು ಹೊಸ ಎಲೆಕ್ಟ್ರಾನಿಕ್ ಮೀಟರು ಹಾಕುವುದೆಂದು ಆಯಿತು. ಒಳಗಿದ್ದ ಮೀಟರು ಇನ್ನು ಜಗಲಿ ಗೋಡೆಗೆ. ಸಾಬರು ಮೊಪೆಡ್ಡಿನ ಹಿಂದೆ ರಟ್ಟಿನ ಪೆಟ್ಟಿಗೆಗಳನ್ನು ಕಟ್ಟಿಕೊಂಡು ಬೀದಿ ಬೀದಿ ತಿರುಗಿದರು. ಹಳೆಯ ಮೀಟರುಗಳ ಮೇಲೆ ವರ್ಷವರ್ಷದ ಆಯುಧಪೂಜೆಯ ಅರಿಸಿನ ಕುಂಕುಮ ಗಟ್ಟಿಯಾಗಿ ಕೂತಿತ್ತು. ಅದನ್ನು ಒರೆಸದೆ, ಕುಂಕುಮದ ಕಡೆ ಮೇಲೆ ಬರುವಂತೆ ಚೀಲದಲ್ಲಿ ಜೋಡಿಸುವರು.

ಹೊಸ ಮೀಟರಿನಲ್ಲಿ ಕೆಂಪು ದೀಪವೊಂದು ಮಿಣುಕ್ ಮಿಣುಕ್ ಎನ್ನುತ್ತಿತ್ತು. ಅದು ಕರೆಂಟು ತಿನ್ನುತ್ತದೆ ಎಂದು ಹೆಂಗಸರಿಗೆಲ್ಲ ಅನುಮಾನ. ಎದುರು ಮನೆಯ ತೆಲುಗು ಮುದುಕಿ ಅದಕ್ಕೆ ಬಟ್ಟೆ ಮುಚ್ಚಿದ್ದಳು. ಸಾಬರು ಬಟ್ಟೆ ತೆಗೆದರೆ, "ಏಮಯ್ಯಾ ಸಾಯಿಬೂ, ಇದಿ ಕನ್ನು ಕೊಡ್ತಾ ಉಂದಿ!" ಎಂದು ಜಗಳಕ್ಕೆ ನಿಂತಳು. ಕಣ್ಣು ಹೊಡೆಯುತ್ತದಂತೆ ಮೀಟರು, ಈ ವಯಸ್ಸಿನಲ್ಲಿ ಅವಳಿಗೆ.

"ನಿನಗಲ್ಲ ಅವ್ವಾ, ನಿನ್ನ ಸೊಸೆ ಗ್ರೈಂಡರಿಗೆ" ಎಂದರು ಸಾಬರು, ಗ್ರೈಂಡರ್ ನಿಲ್ಲಿಸಿ ತೋರಿಸಿದರು. ಮಿಣುಕು ನಿಂತಿತು. ಮುದುಕಿ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು.

ನಮ್ಮ ಮನೆಗೆ ಬಂದದ್ದು ಮಧ್ಯಾಹ್ನ. ನಿಮ್ಮ ತಾತ ಊಟಕ್ಕೆ ಬಂದಿದ್ದರು. ಸಾಬರು ಫ್ಯೂಸ್ ಕಿತ್ತು, "ಎಲ್ಲಾ ಆಫ್ ಆಯ್ತಲ್ಲಮ್ಮ?" ಎಂದು ಒಳಗೆ ಇಣುಕಿದರು. ನಡುಮನೆ ಹಗಲಲ್ಲೂ ಕತ್ತಲೆ ನೋಡಿ, ಅಕ್ಕ ಆ ಕಡೆ ಸ್ವಿಚ್ಚು ಹಾಕಿದ್ದರು. ನಮ್ಮ ಮನೆಗೆ ಕರೆಂಟೇ ಇಲ್ಲ, ಕಿಂಡಿಯಲ್ಲಿ ಬಲ್ಬು ಉರಿಯುತ್ತಿದೆ.

"ಇದು ಯಾರ ದೀಪ?"

"ಇಬ್ಬರದೂ" ಎಂದೆ.

"ಇಬ್ಬರದು ಅಂತ ದೀಪ ಇರಲ್ಲಮ್ಮ."

ಸ್ಟೂಲು ಹಾಕಿಸಿಕೊಂಡು ಹತ್ತಿ, ತಂತಿಯ ಜಾಡು ಹಿಡಿದು ನೋಡಿದರು. ಇಳಿದಾಗ ಅವರ ಮುಖದ ಬಣ್ಣ ಇಳಿದಿತ್ತು. "ಕರೆಂಟು ಹೋಗೋ ತಂತಿ ಆ ಮನೇದು, ವಾಪಸ್ ಬರೋ ತಂತಿ ಈ ಮನೇದು. ಇಷ್ಟು ವರ್ಷ ಹೀಗೇ ಇದೆಯಾ?" ಎಂದರು. ಆಮೇಲೆ ನಿಮ್ಮ ತಾತನ ಕಡೆ ತಿರುಗಿ, "ಸ್ವಾಮಿ, ಇದನ್ನು ಕತ್ತರಿಸ್ಬೇಕು. ಒಂದು ಮನೆಗೆ ಅಂತ ಮಾಡಿ ಬೇರೆ ಎಳೆದು ಕೊಡ್ತೀನಿ. ಯಾರ್ಗೆ ಬೇಕು?" ಎಂದು ಕೇಳಿದರು.

"ಅವರಿಗೇ ಇರಲಿ ಅಂತ ಹೇಳಿ. ನಮಗೆ ಬೇಡ."

ಗೋಡೆಯ ಆಚೆಯಿಂದ ದೊಡ್ಡ ತಾತನ ದನಿ ಬಂತು. "ಸಾಬ್ರೇ, ಯಾರ ದಾನವೂ ಇಲ್ಲಿ ಬೇಕಾಗಿಲ್ಲ ಅಂತ ಅವರಿಗೆ ಹೇಳಿ."

"ದಾನ ಅಂದವರು ಯಾರು ಅಂತ ಕೇಳಿ."

"ನಾನು ಹೇಳೋದೇ ಬೇಡ ಸ್ವಾಮಿ" ಎಂದರು ಸಾಬರು. "ಇಬ್ರಿಗೂ ಚೆನ್ನಾಗಿ ಕೇಳಿಸ್ತಾ ಇದೆ."

ಅಕ್ಕ ಕಿಂಡಿಗೆ ಮುಖ ತಂದರು. ಅವರ ಬಾಯಿ ನನ್ನಂತಲ್ಲ. "ಒಂದು ಬಲ್ಬಿಗೆ ಇಷ್ಟು ರಂಪ ಯಾಕೆ ಸಾಬ್ರೇ? ಇದನ್ನು ಕಿತ್ತರೆ ನಿಮಗೆ ಬಡ್ತಿ ಕೊಡ್ತಾರೇನು?"

"ಕೊಡಲ್ಲಮ್ಮ" ಎಂದರು. ಕೈಲಿದ್ದ ಇಕ್ಕಳವನ್ನು ಸ್ಟೂಲಿನ ಮೇಲಿಟ್ಟರು. "ನನ್ನ ತಮ್ಮ ಲೈನ್‌ಮನ್ ಇದ್ದ, ಶ್ರೀನಿವಾಸಪುರದ ಕಡೆ. ಒಂದು ಮನೆಗೆ ಕರೆಂಟು ನಿಲ್ಲಿಸಿ, ತಂತಿ ಬಿಚ್ಚೋಕೆ ಅಂತ ಕಂಬ ಹತ್ತಿದ. ಆ ಮನೆಗೆ ಪಕ್ಕದ ಮನೆಯಿಂದ ಒಂದು ಬಲ್ಬು ಹೀಗೇ ಎಳೆದಿದ್ರು. ಸತ್ತ ತಂತಿ ಅಂದ್ಕೊಂಡು ಹಿಡಿದ. ಅದರಲ್ಲಿ ಪಕ್ಕದ ಮನೆ ಕರೆಂಟು ಬರ್ತಾ ಇತ್ತು. ಕಂಬದ ಕೆಳಗೆ ನಾನೇ ನಿಂತಿದ್ದೆ ಅಮ್ಮ. ಆ ಮನೆಯವರೂ ಒಳ್ಳೆಯವರೇ. ಕತ್ತಲಾಗ್ತದೆ ಅಂತ ಎಳ್ಕೊಂಡಿದ್ರು, ಅಷ್ಟೇ."

ಅಕ್ಕನೇ ಹೋಗಿ ಸ್ವಿಚ್ಚು ಆರಿಸಿದರು. ಸಾಬರು ಎರಡು ಕಡೆಯ ತಂತಿಯನ್ನೂ ಕತ್ತರಿಸಿ, ಬಲ್ಬು ಬಿಚ್ಚಿ, ಯಾರಿಗೆ ಕೊಡಲಿ ಎಂದು ಆ ಕಡೆ ಈ ಕಡೆ ನೋಡಿದರು. ಗಂಡಸರಿಬ್ಬರೂ ಕೈ ಚಾಚಲಿಲ್ಲ. ಅಕ್ಕ ಕಿಂಡಿಯಲ್ಲಿ ಕೈ ತೂರಿಸಿ, "ಇತ್ತ ಕೊಡಿ" ಎಂದು ತೆಗೆದುಕೊಂಡರು.

ಆಗ ನಿಮ್ಮ ತಾತ ಎಂದರು, "ತಂತಿ ಹೋಯ್ತಲ್ಲ, ಇನ್ನು ಕಿಂಡಿ ಯಾಕೆ? ನಾಳೆಯೇ ಗಾರೆಯವನನ್ನು ಕರೆದು ಮುಚ್ಚಿಸ್ತೀನಿ."

"ಅರ್ಧ ಕೂಲಿ ನಮ್ಮದು ಅಂತ ಹೇಳಿ" ಎಂದಿತು ಆಚೆಯ ದನಿ.

ಭಾಗವಾದ ಮೇಲೆ ಅಣ್ಣತಮ್ಮ ಒಪ್ಪಿಕೊಂಡದ್ದು ಅದೊಂದನ್ನೇ. ಬೇಡ ಎನ್ನಬೇಕು, ಬಾಯಿ ಬರಲಿಲ್ಲ. ಅಷ್ಟು ಮಾತಾಡುವ ಅಕ್ಕನಿಗೂ ಬರಲಿಲ್ಲ. ಕಿಂಡಿಯಲ್ಲಿ ಅವರ ಮುಖ, ಈಚೆ ನಾನು. ಒಬ್ಬರನ್ನೊಬ್ಬರು ನೋಡಿಕೊಂಡೆವು.

ಸಾಬರು ಇಕ್ಕಳ, ಟೆಸ್ಟರು ಚೀಲಕ್ಕೆ ತುಂಬುತ್ತಿದ್ದರು. ನಮ್ಮಿಬ್ಬರನ್ನೂ ಒಮ್ಮೆ ನೋಡಿದರು. ಮತ್ತೆ ಚೀಲದ ಬಾಯಿ ಕಟ್ಟುತ್ತ, ತಲೆ ಎತ್ತದೆ ಹೇಳಿದರು.

"ಗೋಡೆ ಮುಟ್ಟಬೇಡಿ."

"ಯಾಕೆ?" ಎಂದರು ನಿಮ್ಮ ತಾತ.

"ಹೊಸ ಮೀಟರು ಹಾಕಿದ ಮನೆ. ಕೋಲಾರದಿಂದ ದೊಡ್ಡವರು ಬಂದು ನೋಡೋವರೆಗೂ ಗೋಡೆ ಇದ್ದ ಹಾಗೇ ಇರ್ಬೇಕು. ಎರಡೂ ಮನೆಯವರಿಗೂ ಹೇಳ್ತಾ ಇದ್ದೀನಿ."

"ಯಾವಾಗ ಬರ್ತಾರೆ?"

"ಅದು ಹೇಳೋಕಾಗಲ್ಲ ಸ್ವಾಮಿ. ಮಾಲೂರು ಮುಗೀಬೇಕು, ಶ್ರೀನಿವಾಸಪುರ ಮುಗೀಬೇಕು."

ತಲೆತಲಾಂತರದಿಂದ ಸರ್ಕಾರದ ಲೆಕ್ಕ ಬರೆದ ವಂಶ ನಮ್ಮದು. ದೊಡ್ಡವರು ಬಂದು ನೋಡಬೇಕು ಎಂದರೆ ಮುಗಿಯಿತು, ಅದಕ್ಕೆ ಎದುರು ಮಾತಿಲ್ಲ. ಗಾರೆಯವನನ್ನು ಕರೆಯಲಿಲ್ಲ. ಎರಡೂ ಮನೆಯವರು ಬೇರೆ ಬೇರೆ ಬಲ್ಬು ಹಾಕಿಸಿಕೊಂಡರು. ಕಿಂಡಿ ಉಳಿಯಿತು.

ಕೆಲವು ದಿನಗಳಾದ ಮೇಲೆ ಅಕ್ಕ ಹೆಪ್ಪಿಗೆ ಮಜ್ಜಿಗೆ ಇಸಿದುಕೊಳ್ಳುತ್ತ ಪಿಸುಗುಟ್ಟಿದರು. "ಲೇ, ಆಚೆ ಬೀದಿಯಲ್ಲಿ ಹೊಸ ಮೀಟರು ಹಾಕಿದ ಮಾರನೇ ವಾರವೇ ಗೋಡೆ ಒಡೆದು ಕಿಟಕಿ ಇಟ್ಟರು ಕಣೇ. ಯಾವ ದೊಡ್ಡೋರೂ ಬರಲಿಲ್ಲ."

"ಸುಮ್ಮನಿರಿ ಅಕ್ಕಾ" ಎಂದೆ.

ಅವರು ನನ್ನ ಮುಖ ನೋಡಿದರು. ಮತ್ತೆ ಆ ಮಾತು ಎತ್ತಲಿಲ್ಲ.

ಸಾಬರು ತಿಂಗಳಿಗೊಮ್ಮೆ ಬರುತ್ತಲೇ ಇದ್ದರು. ಮೀಟರು ಜಗಲಿಗೆ ಬಂದಿತ್ತು, ಯಾರನ್ನೂ ಕರೆಯಬೇಕಾಗಿರಲಿಲ್ಲ. ಆದರೂ "ಅಮ್ಮಾ, ಕರೆಂಟು" ಎಂದು ಒಂದು ಸಲ ಕೂಗುವರು. ನಿಮ್ಮ ತಾತ ಕೇಳುವರು, "ಏನ್ರೀ, ದೊಡ್ಡವರು?" ಸಾಬರು ಅಂಕಿ ಬರೆದುಕೊಳ್ಳುತ್ತ, "ಬರ್ತಾರೆ ಸ್ವಾಮಿ, ಬರ್ತಾರೆ" ಎನ್ನುವರು. ಹಾಗೆನ್ನುವಾಗ ಕಿವಿಯ ತುದಿ ಕೆಂಪಗಾಗುತ್ತಿತ್ತು. ಸುಳ್ಳು ರೂಢಿಯಿಲ್ಲದ ಮನುಷ್ಯ.

ಒಂದೆರಡು ವರ್ಷ ಹೀಗೇ ಹೋಯಿತು. ಆಮೇಲೆ ನಿಮ್ಮ ತಾತನಿಗೆ ಲಕ್ವ ಹೊಡೆಯಿತು. ಬಲಗಡೆ ಬಿದ್ದುಹೋಯಿತು, ಮಾತು ಅರ್ಧ ನಿಂತಿತು. ಕೋಲಾರದ ಆಸ್ಪತ್ರೆಯಿಂದ ಕರೆತಂದು ನಡುಮನೆಯಲ್ಲಿ ಮಂಚ ಹಾಕಿದೆವು. ದೊಡ್ಡ ತಾತ ನೋಡಲು ಬರಲಿಲ್ಲ. ಅಕ್ಕ ಬಂದರು, ಅತ್ತರು, ಹೋದರು.

ಮಾರನೆಯ ಬೆಳಿಗ್ಗೆ ಕಿಂಡಿಯ ಆಚೆ ದೊಡ್ಡ ತಾತನ ದನಿ ಕೇಳಿಸಿತು. ದೇವಸ್ಥಾನಕ್ಕೆ ಹೊರಡುವ ಮುಂಚೆ ಪಂಚಾಂಗ ಓದುವುದು ಅವರ ದಿನಚರಿ. ಎಂದೂ ಬಾಯೊಳಗೇ ಓದುವವರು, ಅವತ್ತು ಗೋಡೆಯ ಹತ್ತಿರ ನಿಂತು ಗಟ್ಟಿಯಾಗಿ ಓದಿದರು. ತಿಥಿ, ವಾರ, ನಕ್ಷತ್ರ. ಯಾರಿಗೂ ಎಂದಲ್ಲ, ಗೋಡೆಗೆ. ಮರುದಿನವೂ ಓದಿದರು. ನಿಮ್ಮ ತಾತ ಬೆಳಗಾದರೆ ಕಿಂಡಿಯ ಕಡೆಗೇ ಮುಖ ತಿರುಗಿಸಿಕೊಂಡು ಕಾಯುವರು. ಅದು ಮುಗಿಯುವವರೆಗೆ ಕಾಫಿ ಮುಟ್ಟುತ್ತಿರಲಿಲ್ಲ.

ಒಂದು ದಿನ ದೊಡ್ಡ ತಾತ ನಕ್ಷತ್ರ ತಪ್ಪಾಗಿ ಹೇಳಿದರು. ಬೇಕೆಂದೇ ತಪ್ಪಿದರೋ, ಕಣ್ಣು ಮಂಜಾಗಿತ್ತೋ, ನನಗೆ ಗೊತ್ತಿಲ್ಲ. ನಿಮ್ಮ ತಾತ ಮಂಚದಲ್ಲೇ ಮೈ ಎತ್ತಿ, ಸೊಟ್ಟ ಬಾಯಿಂದ ಬಲವಂತವಾಗಿ ಮಾತು ತೆಗೆದರು. "ಅಲ್ಲ... ರೋಹಿಣಿ."

ಆಚೆ ಪಂಚಾಂಗದ ಹಾಳೆ ತಿರುವಿದ ಸದ್ದಾಯಿತು.

"ಹೌದು ಕಣೋ. ರೋಹಿಣಿ."

ಕಾಫಿ ಲೋಟ ಹಿಡಿದುಕೊಂಡು ನಿಂತಿದ್ದ ನಾನು ಅಡುಗೆಮನೆಗೆ ಹೊರಟುಹೋದೆ.

ಆ ತಿಂಗಳು ಸಾಬರು ಬಂದಾಗ ಅವರನ್ನು ಬೀದಿಯಲ್ಲೇ ತಡೆದು ನಿಲ್ಲಿಸಿದವರು ದೊಡ್ಡ ತಾತ. ಬಾಗಿಲ ಸಂದಿಯಿಂದ ನನಗೆ ಕೇಳಿಸಿತು.

"ಸಾಬ್ರೇ, ಆ ದೊಡ್ಡವರು... ಬಂದ್ರೆ ಕಿಂಡಿ ಮುಚ್ಚಿಸಿ ಅಂತ ಹೇಳಿಬಿಡ್ತಾರೇನು?"

"ಇಲ್ಲ ಸ್ವಾಮಿ. ನಾನು ಹೇಳ್ತೀನಿ ಅವರಿಗೆ."

"ಹೇಳ್ತೀರಲ್ಲ?"

"ಹೇಳ್ತೀನಿ ಸ್ವಾಮಿ."

ನಿಮ್ಮ ತಾತ ಆ ಮಾಗಿಯಲ್ಲಿ ಹೋದರು. ಕೊನೆಯ ತಿಂಗಳುಗಳಲ್ಲಿ ಅಣ್ಣ ಬಂದು ಮಂಚದ ಪಕ್ಕದಲ್ಲೇ ಕೂರುತ್ತಿದ್ದರು. ಕರ್ಮವೆಲ್ಲ ಮುಂದೆ ನಿಂತು ಮಾಡಿಸಿದವರೂ ಅವರೇ. ಎಲ್ಲ ಮುಗಿದ ಮೇಲೆ ಸಾಬರು ಬಂದರು. ಚೀಲ ತಂದಿರಲಿಲ್ಲ. ಜಗಲಿಯ ಅಂಚಿನಲ್ಲಿ ಕೂತರು. ಸಮಾಧಾನದ ಮಾತೇನೂ ಆಡಲಿಲ್ಲ, ಅದೂ ಅವರಿಗೆ ಬರುತ್ತಿರಲಿಲ್ಲ. ಎದ್ದು ಹೊರಡುವಾಗ ನನಗೆ ಎಲ್ಲಿಂದ ಧೈರ್ಯ ಬಂತೋ, ಕೇಳಿಯೇ ಬಿಟ್ಟೆ.

"ದೊಡ್ಡವರು ಯಾವಾಗ ಬರ್ತಾರೆ ಸಾಬ್ರೇ?"

ನನ್ನ ಮುಖ ನೋಡಿದರು. ನನಗೆ ಗೊತ್ತಿದೆ ಎಂದು ಅವರಿಗೆ ತಿಳಿಯಿತು.

"ಇನ್ನು ಬರೋದು ಬೇಡ ಬಿಡಿ ಅಮ್ಮ" ಎಂದು ಚಪ್ಪಲಿ ಮೆಟ್ಟಿಕೊಂಡರು.

ಆಮೇಲೆ ಅವರಿಗೆ ರಿಟೈರ್ ಆಯಿತು. ಬೇರೆಯವರು ಬಂದು ಅಂಕಿ ಬರೆದುಕೊಂಡು ಹೋದರು, ಕೂಗುತ್ತಿರಲಿಲ್ಲ. ಈಗ ಓದುವವರೇ ಬೇಡದ ಮೀಟರು ಬರುತ್ತವಂತೆ, ತಾವೇ ಲೆಕ್ಕ ನೋಡಿ ತಾವೇ ಆಫೀಸಿಗೆ ಹೇಳುತ್ತವಂತೆ. ಬರಲಿ.

ಸುದ್ದಿ ಕೇಳಿದ ಮಾರನೆಯ ದಿನ ನಾನು ಬಸ್ಸು ಹತ್ತಿ ಮುಳಬಾಗಿಲಿಗೆ ಹೋದೆ. ಒಬ್ಬಳೇ. ಆ ಬೀದಿಗೆ ನಾನು ಹೋದವಳಲ್ಲ. ಮೀಟರು ಸಾಬರ ಮನೆ ಯಾವುದು ಎಂದು ಕೇಳುವಷ್ಟರಲ್ಲಿ ಬೆವತುಹೋದೆ. ಅವರ ಹೆಂಡತಿ ಒಳಗಿನ ಕೋಣೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಯಾವ ಊರಿನವಳೆಂದು ಹೇಳಿದೆ. ಪಕ್ಕದಲ್ಲಿ ಕೂರಿಸಿಕೊಂಡರು.

"ನಿಮ್ಮ ಊರಲ್ಲೂ ಎಲ್ರ ಹತ್ರ ನಿಷ್ಠುರ ಮಾಡ್ಕೊಂಡಿರ್ತಾರೆ" ಎಂದರು ಅವರು. "ನಮ್ಮ ಅಣ್ಣನ ಮನೆ ಮೀಟರನ್ನೇ ಬಿಡಲಿಲ್ಲ ಅಮ್ಮ, ತಪ್ಪಿದೆ ಅಂತ ಬರೆದ್ಬಿಟ್ರು. ಆಮೇಲೆ ನನಗೆ ತವರಿಲ್ಲ. ಒಂದು ಸುಳ್ಳು ಹೇಳಿದ್ರೆ ಏನಾಗ್ತಿತ್ತು? ನನಗೋಸ್ಕರ ಒಂದು. ಜಿಂದಗಿಯಲ್ಲಿ ಒಂದೂ ಹೇಳಲಿಲ್ಲ. ತಮ್ಮ ಹೋದಾಗಲೇ ಅವರ ಎದೆ ಕಲ್ಲಾಯ್ತು ಅಂತ ಜನ ಅಂದರು. ನಾನೂ ಹಾಗೇ ಅಂದ್ಕೊಂಡೆ."

ನಾನು ಅಪರಿಚಿತರ ಮನೆಯಲ್ಲಿ ಬಾಯಿ ತೆಗೆದವಳಲ್ಲ. ಆದರೆ ಆ ಹೆಂಗಸು ತನ್ನ ಗಂಡನನ್ನು ಕಲ್ಲು ಎಂದುಕೊಂಡೇ ಉಳಿದ ದಿನಗಳನ್ನು ಕಳೆಯಬೇಕೆ?

"ಒಂದು ಹೇಳಿದ್ದಾರೆ" ಎಂದೆ. "ನಮ್ಮ ಮನೆಯಲ್ಲಿ."

ಅವರು ನನ್ನ ಕಡೆ ತಿರುಗಿದರು. ಬಲ್ಬಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅಕ್ಕನ ಮುಖ, ನನ್ನ ಮುಖ ನೋಡಿ ಸಾಬರು ಚೀಲದ ಬಾಯಿ ಕಟ್ಟಿದ್ದು, ಕೋಲಾರದ ದೊಡ್ಡವರು, ಮುಂದೆ ರೋಹಿಣಿ, ಎಲ್ಲ. ನಡುವೆ ಎಲ್ಲಿಯೂ ನನ್ನ ಗಂಟಲು ಕಟ್ಟಲಿಲ್ಲ.

ಕೇಳಿ ಮುಗಿದಾಗ ಅವರು ಅಳುತ್ತಿದ್ದರು, ನಗುವೂ ಬಂದಿತ್ತು. ಒಳಗಿದ್ದ ಮಗಳನ್ನು ಕೂಗಿದರು. ಕೈ ಒರೆಸಿಕೊಳ್ಳುತ್ತ ಬಂದ ಮಗಳನ್ನು ನನ್ನ ಎದುರಿಗೆ ಕೂರಿಸಿ, "ಇನ್ನೊಂದ್ಸಲ ಹೇಳಿ ಅಮ್ಮ" ಎಂದರು. "ಇವಳೂ ಕೇಳಲಿ."

ಮೊದಲಿನಿಂದ ಹೇಳಿದೆ.